ಕಾಸ್ಮಿಕ್ ಕಿರಣ ಪುಕ್ಕಟೆ ಸಿಗುವಾಗ ಡಿಟೆಕ್ಟರ್ ಪರೀಕ್ಷೆಗೆ ಬೀಮ್ ಯಾಕೆ?

ಪ್ರಶ್ನೆ: ಆಕಾಶದಿಂದ ಕಾಸ್ಮಿಕ್ ಕಿರಣಗಳು ಹಗಲೂ ರಾತ್ರಿ ಸುಮ್ನೆ ಬೀಳುತ್ತಲೇ ಇರುತ್ತವೆ. ಕಣಗಳನ್ನು ಗುರುತಿಸಿ ಅಳೆಯುವ ಡಿಟೆಕ್ಟರ್ ಪರೀಕ್ಷಿಸಲು ಅವೇ ಸಾಕಲ್ವಾ? ಕಣಗಳಿಗೆ ವೇಗ ಕೊಡುವ ಯಂತ್ರವಾದ ಆಕ್ಸಲರೇಟರ್‌ನಿಂದ ಬೀಮ್, ಅಂದರೆ ಕಣಗಳ ಧಾರೆ, ಯಾಕೆ ತರಬೇಕು?

ಉತ್ತರ: ಡಿಟೆಕ್ಟರ್‌ಗೆ ಜೀವ ಇದೆಯೋ ಇಲ್ಲವೋ ಎಂದಷ್ಟೇ ನೋಡಲು ಅವು ಸಾಕು. ಎಷ್ಟೋ ಲ್ಯಾಬ್‌ಗಳಲ್ಲಿ ಮೊದಲ ಪರೀಕ್ಷೆ ಹಾಗೆಯೇ ನಡೆಯುತ್ತದೆ. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ನಿಮಿಷಕ್ಕೆ ಸುಮಾರು 1 ಮ್ಯೂಆನ್ (ಕಾಸ್ಮಿಕ್ ಕಿರಣದಿಂದ ಹುಟ್ಟಿ ನೆಲದವರೆಗೂ ಬರುವ ಕಣ) ಹಾದುಹೋಗುತ್ತದೆ. ಆದರೆ ಅದು ಎಷ್ಟು ಶಕ್ತಿ ಹೊತ್ತು ಬಂತು, ಯಾವ ಕಡೆಯಿಂದ ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ದಿನಸಿ ಅಂಗಡಿಯ ತಕ್ಕಡಿ ನೋಡಿ. ಏನೇ ಇಟ್ಟರೂ ತಟ್ಟೆ ಕೆಳಗಿಳಿಯುತ್ತದೆ. ಅದರ ತೂಕ ಸರಿಯೇ ಎಂದು ತಿಳಿಯಲು ಮುದ್ರೆ ಬಿದ್ದ ಬಟ್ಟು ಬೇಕು. ಬೀಮ್ ಅಂದರೆ ಆ ಬಟ್ಟು.

ಯುರೋಪಿನ ಕಣಭೌತ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಎಲ್‌ಎಚ್‌ಸಿ ಎಂಬ ದೈತ್ಯ ಆಕ್ಸಲರೇಟರ್ ಇದೆ. ಅದರ ಸಿಎಂಎಸ್ ಡಿಟೆಕ್ಟರ್‌ನಲ್ಲಿ ಲೆಡ್ ಟಂಗ್‌ಸ್ಟೇಟ್ ಎಂಬ ಹರಳುಗಳಿವೆ. ಒಟ್ಟು 75,848. ನೋಡಲು ಗಾಜಿನಂತಿದ್ದರೂ ಕಬ್ಬಿಣಕ್ಕಿಂತ ಭಾರ. ಎಲೆಕ್ಟ್ರಾನ್ ಅಥವಾ ಫೋಟಾನ್ (ಬೆಳಕಿನ ಕಣ) ಒಳಗೆ ನುಗ್ಗಿದರೆ ಹರಳು ಮಿನುಗುತ್ತದೆ, ಆ ಬೆಳಕನ್ನು ಅಳೆದರೆ ಶಕ್ತಿ ಗೊತ್ತಾಗುತ್ತದೆ. ಆದರೆ ಎಷ್ಟು ಬೆಳಕಿಗೆ ಎಷ್ಟು ಶಕ್ತಿ? ಒಂದು ಹರಳಿನಂತೆ ಇನ್ನೊಂದಿಲ್ಲ. ಬಿಸಿ ಒಂದು ಡಿಗ್ರಿ ಏರಿದರೂ ಬೆಳಕು ಸುಮಾರು ಶೇ. 2ರಷ್ಟು ಇಳಿಯುತ್ತದೆ.

ಅದಕ್ಕೇ 2006ರಲ್ಲಿ ತಲಾ 1,700 ಹರಳುಗಳ 9 ದೊಡ್ಡ ಘಟಕಗಳನ್ನು ಸರ್ನ್‌ನದೇ ಇನ್ನೊಂದು ಆಕ್ಸಲರೇಟರ್ ಎಸ್‌ಪಿಎಸ್‌ನ ಎಚ್4 ಎಂಬ ಬೀಮ್‌ಗೆ ಒಡ್ಡಿದರು. ಅಲ್ಲಿ ಪ್ರೋಟಾನ್‌ಗಳು ಬೆರಿಲಿಯಂ ತುಂಡಿಗೆ ಬಡಿಯುತ್ತವೆ, ಹೊಸ ಕಣಗಳು ಚಿಮ್ಮುತ್ತವೆ. ಅವನ್ನು ಆಯಸ್ಕಾಂತಗಳ ನಡುವೆ ಹಾಯಿಸುತ್ತಾರೆ. ಹೆಚ್ಚು ಶಕ್ತಿಯ ಕಣ ಕಡಿಮೆ ಬಾಗುತ್ತದೆ, ಕಡಿಮೆ ಶಕ್ತಿಯದ್ದು ಜಾಸ್ತಿ. ಸರಿಯಾಗಿ ಬಾಗಿದ್ದು ಮಾತ್ರ ಕಿರಿದಾದ ಕಿಂಡಿ ದಾಟುತ್ತದೆ, ಉಳಿದದ್ದು ಅಲ್ಲೇ ತಡೆದು ನಿಲ್ಲುತ್ತದೆ. ಹೀಗೆ ಸೋಸಿದ 120 ಜಿಇವಿ (ಕಣಗಳ ಶಕ್ತಿ ಅಳೆಯುವ ಮಾನ) ಎಲೆಕ್ಟ್ರಾನ್‌ಗಳು ಹರಳಿಗೆ ಬಂದವು.

ಘಟಕವನ್ನು ತಿರುಗುವ ಮೇಜಿನ ಮೇಲೆ ಇಟ್ಟಿದ್ದರು. ಎಲ್‌ಎಚ್‌ಸಿಯಲ್ಲಿ ಕಣ ಯಾವ ಕೋನದಿಂದ ಬರುತ್ತದೋ ಅದೇ ಕೋನದಿಂದ ಬೀಮ್ ಒಂದೊಂದೇ ಹರಳಿಗೆ ಬೀಳುವಂತೆ ಮೇಜನ್ನು ಸರಿಸುತ್ತಾ ಹೋದರು. ಹರಳಿನ ನಡುವೆ ಬಿದ್ದರೆ ಒಂದು ಓದು, ಅಂಚಿಗೆ ಬಿದ್ದರೆ ಇನ್ನೊಂದು. ಆದ್ದರಿಂದ ಪ್ರತಿ ಎಲೆಕ್ಟ್ರಾನ್ ಎಲ್ಲಿಗೆ ಬಿತ್ತು ಎಂದು ಹೇಳಲು ಮುಂದೆ ಇನ್ನೊಂದು ಪುಟ್ಟ ಡಿಟೆಕ್ಟರ್ ಬೇರೆ. ನನಗೆ ಈ ಪರೀಕ್ಷೆಯಲ್ಲಿ ತುಂಬಾ ಇಷ್ಟವಾಗುವುದು ಈ ತಾಳ್ಮೆ.

ಹಾಗಂತ ಕಾಸ್ಮಿಕ್ ಕಿರಣವನ್ನು ಬಿಡಲಿಲ್ಲ. ಈ ಬಗೆಯ ಎಲ್ಲ 36 ಘಟಕಗಳಿಗೂ ಆ ಪರೀಕ್ಷೆ ನಡೆಯಿತು. ಆದರೆ ಒಂದು ಮ್ಯೂಆನ್ 23 ಸೆಂಟಿಮೀಟರ್ ಉದ್ದದ ಹರಳನ್ನು ಪೂರ್ತಿ ಸೀಳಿ ಹೋದರೂ ಬಿಟ್ಟುಹೋಗುವುದು ಸುಮಾರು 0.25 ಜಿಇವಿ. ಬೀಮ್‌ನ ಎಲೆಕ್ಟ್ರಾನ್ ತಂದದ್ದು ಅದರ 480 ಪಟ್ಟು! ಮ್ಯೂಆನ್‌ನ ಮಂದ ಬೆಳಕನ್ನು ಕಾಣಲು ಬೆಳಕಿನ ಸೆನ್ಸರ್‌ಗಳನ್ನೇ ಮಾಮೂಲಿಗಿಂತ ಜಾಸ್ತಿ ಚುರುಕು ಮಾಡಬೇಕಾಯಿತು. ಹರಳುಗಳ ನಡುವಿನ ವ್ಯತ್ಯಾಸ ಬೀಮ್‌ನಲ್ಲಿ ಶೇ. 0.5ಕ್ಕಿಂತ ನಿಖರವಾಗಿ ಸಿಕ್ಕಿತು. ಕಾಸ್ಮಿಕ್ ಕಿರಣದಲ್ಲಿ ತಪ್ಪು ಶೇ. 1ನ್ನು ದಾಟಿತ್ತು.

ಅಷ್ಟು ಚಿಕ್ಕ ತಪ್ಪಿಗೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು? ಸಿಎಂಎಸ್ ಹುಡುಕುತ್ತಿದ್ದ ಹಿಗ್ಸ್ ಕಣ ಕೆಲವೊಮ್ಮೆ ಎರಡು ಫೋಟಾನ್‌ಗಳಾಗಿ ಒಡೆಯುತ್ತದೆ. ಅವುಗಳ ಶಕ್ತಿ ಮತ್ತು ನಡುವಿನ ಕೋನದಿಂದ ಹಿಗ್ಸ್‌ನ ತೂಕ ಲೆಕ್ಕ ಹಾಕುತ್ತಾರೆ. ಬೇರೆ ಕಾರಣಗಳಿಂದ ಹುಟ್ಟುವ ಫೋಟಾನ್ ಜೋಡಿಗಳೂ ರಾಶಿ ರಾಶಿ ಇರುತ್ತವೆ. ಅಳತೆ ಒರಟಾದರೆ ಗ್ರಾಫ್‌ನಲ್ಲಿ 125 ಜಿಇವಿ (ಕಣದ ತೂಕಕ್ಕೂ ಇದೇ ಮಾನ) ಹತ್ತಿರ ಕಾಣುವ ಹಿಗ್ಸ್‌ನ ಸಣ್ಣ ದಿಬ್ಬ ಹರಡಿಕೊಂಡು ಆ ರಾಶಿಯಲ್ಲೇ ಕಳೆದುಹೋಗುತ್ತದೆ. 2012ರ ಜುಲೈ 4ರಂದು ಜಗತ್ತಿಗೆ ತೋರಿಸಿದ ಗುರುತುಗಳಲ್ಲಿ ಆ ದಿಬ್ಬವೂ ಒಂದು.

ಬೀಮ್ ನೋಡದ 27 ಘಟಕಗಳ ಗತಿ? ಎಲ್‌ಎಚ್‌ಸಿ ಓಡಲು ಶುರುವಾದ ಮೇಲೆ ಅಲ್ಲೇ ಹುಟ್ಟಿದ ಕಣಗಳಿಂದ ಎಲ್ಲ ಹರಳುಗಳನ್ನೂ ಮತ್ತೆ ಮತ್ತೆ ತಿದ್ದಿದರು. ಅವುಗಳಲ್ಲಿ ಮುಖ್ಯವಾದದ್ದು ಝಡ್ ಕಣ. ಅದು ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಆಗಿ ಒಡೆದಾಗ ತೂಕದ ಲೆಕ್ಕ 91.2 ಜಿಇವಿ ಹತ್ತಿರ ಬರಲೇಬೇಕು. ಆ ತೂಕ ಮೊದಲೇ ಗೊತ್ತು, ಹಾಗಾಗಿ ಅದೂ ಒಂದು ಬಟ್ಟು.