ಸಾಮಾಜಿಕ ಚಲನಶೀಲತೆ: ಒಬ್ಬರು ಮೇಲೆ ಬಂದರೆ ಅದಲ್ಲ

ಹುಬ್ಬಳ್ಳಿಯ ಒಂದು ಸನ್ಮಾನದ ಆಮಂತ್ರಣ ಪತ್ರಿಕೆ ಮೊನ್ನೆ ಕೈಗೆ ಬಂತು. ಸನ್ಮಾನ ಆಗಬೇಕಾದವರ ಅಜ್ಜನಿಗೂ ಅಂಗಡಿ ಇತ್ತು, ಅಪ್ಪನಿಗೂ ಇತ್ತು. ಇವರು ಈಗ ಅದನ್ನೇ ದೊಡ್ಡ ಶೋರೂಮ್ ಮಾಡಿದ್ದಾರೆ. ಒಳ್ಳೆಯದು, ಕಷ್ಟಪಟ್ಟಿದ್ದಾರೆ. ಆದರೆ ಪತ್ರಿಕೆಯಲ್ಲಿ ಅವರನ್ನು ‘ಸಾಮಾಜಿಕ ಚಲನಶೀಲತೆಯ ಜೀವಂತ ನಿದರ್ಶನ’ ಎಂದು ಬರೆದಿದ್ದರು. ಅಂಗಡಿಕಾರರ ಮೊಮ್ಮಗ ಅಂಗಡಿಕಾರರೇ ಆಗಿದ್ದಾರೆ. ಈ ಪದ ಹೇಳುವುದು ಇದಕ್ಕೆ ತದ್ವಿರುದ್ಧ: ಸಮಾಜದ ಒಂದು ಸ್ಥಾನದಿಂದ, ಒಂದು ವರ್ಗದಿಂದ ಇನ್ನೊಂದಕ್ಕೆ ಹೋಗುವುದು. ಭಾಷಣಗಳಲ್ಲೂ ಪತ್ರಿಕೆಗಳಲ್ಲೂ ಇದೇ ತಪ್ಪು ಮತ್ತೆ ಮತ್ತೆ ಕಾಣುತ್ತಿದೆ. ಹಾಗಾಗಿ ಬರೆಯಬೇಕಾಯಿತು.

ಗೊಂದಲದ ಬೇರು ‘ವರ್ಗ’ ಎಂಬ ಪದದಲ್ಲೇ ಇದೆ. ಬೇರ್ಪಡಿಸಿ ಇಟ್ಟ ಗುಂಪು ಅನ್ನುವುದು ಅದರ ಹಳೆಯ ಅರ್ಥ. ಕವರ್ಗ, ಚವರ್ಗ ಅಂತ ಐದೈದು ಅಕ್ಷರಗಳನ್ನು ಸಾಲಾಗಿ ಕಲಿತಿದ್ದೇವಲ್ಲ, ಅಲ್ಲಿರುವುದು ಈ ಅರ್ಥವೇ. ಆ ಸಾಲುಗಳಲ್ಲಿ ಮೇಲು ಕೀಳು ಇಲ್ಲ. ಬಾಯಲ್ಲಿ ಧ್ವನಿ ಹುಟ್ಟುವ ಜಾಗ ನೋಡಿ ಮಾಡಿದ ವಿಂಗಡಣೆ ಅಷ್ಟೇ. ಗಣಿತದಲ್ಲಿ ವರ್ಗ, ವರ್ಗಮೂಲ ಅಂತ ಬೇರೆ ದಾರಿ ಹಿಡಿಯಿತು. ಶಾಲೆಗೆ ಬಂದು ವರ್ಗಕೋಣೆ ಆಯಿತು. ಕಚೇರಿಗೆ ಬಂದರೆ ಗದಗಿನಿಂದ ಹಾವೇರಿಗೆ ವರ್ಗ. ತಹಶೀಲ್ದಾರರ ಕಚೇರಿಯಲ್ಲಿ ಅಪ್ಪನ ಹೊಲ ಮಗನ ಹೆಸರಿಗೆ ವರ್ಗ. ಈ ಕೊನೆಯ ಬಳಕೆ ಸ್ವಲ್ಪ ನೆನಪಿಟ್ಟುಕೊಳ್ಳಿ. ಆಸ್ತಿ ತಲೆಮಾರಿನಿಂದ ತಲೆಮಾರಿಗೆ ದಾಟುವುದನ್ನೂ ನಾವು ವರ್ಗ ಅಂತಲೇ ಕರೆಯುತ್ತೇವೆ. ಸಮಾಜದ ವರ್ಗಗಳು ಗಟ್ಟಿಯಾಗಿ ಉಳಿಯುವುದೂ ಬಹುಪಾಲು ಹೀಗೆಯೇ.

ಇಂಗ್ಲಿಷಿನ ‘ಕ್ಲಾಸ್’ ಪದದ ಹುಟ್ಟು ಹೀಗಲ್ಲ. ಅದರ ಮೂಲ ಲ್ಯಾಟಿನ್ನಿನ ‘ಕ್ಲಾಸಿಸ್’. ಪ್ರಾಚೀನ ರೋಮಿನಲ್ಲಿ ನಾಗರಿಕರ ಆಸ್ತಿ ಎಣಿಸಿ, ತೆರಿಗೆಗೆ ಮತ್ತು ಸೈನ್ಯಕ್ಕೆ ಅಂತ ಅವರನ್ನು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಅಂದರೆ ಆ ಪದದೊಳಗೆ ಆಸ್ತಿಯ ಲೆಕ್ಕ ಮೊದಲಿನಿಂದಲೂ ಇದೆ. ನಮ್ಮ ‘ವರ್ಗ’ದೊಳಗೆ ಅದು ಇರಲಿಲ್ಲ. ಸಮಾಜಶಾಸ್ತ್ರದವರು ಆ ಅರ್ಥವನ್ನು ಇದಕ್ಕೆ ತುಂಬಿದರು. ಹಾಗಾಗಿ ಕನ್ನಡದಲ್ಲಿ ‘ವರ್ಗ’ ಅಂದಾಗ ಸುಮ್ನೆ ಒಂದು ಗುಂಪು ಅಂತ ಕೇಳಿಸುತ್ತದೆ. ಹೊಲ ಯಾರದು, ಕೂಲಿ ಯಾರದು, ಲಾಭ ಯಾರಿಗೆ ಅನ್ನುವ ಪ್ರಶ್ನೆ ಕಿವಿಗೆ ಬೀಳುವುದಿಲ್ಲ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಒಂದು ಬೆಳಗ್ಗೆ ನಿಂತರೆ ಅದು ಕಣ್ಣಿಗೇ ಕಾಣುತ್ತದೆ. ಮಾಲು ತಂದ ರೈತ, ಸವಾಲು ನಡೆಸುವ ದಲಾಲ, ಖರೀದಿದಾರ, ಲೆಕ್ಕ ಬರೆಯುವ ಗುಮಾಸ್ತ, ಚೀಲ ಹೊರುವ ಹಮಾಲ. ಒಂದೇ ಮೆಣಸಿನಕಾಯಿ ಚೀಲದ ಸುತ್ತ ಇಷ್ಟು ಜನ. ಆ ಚೀಲದ ದುಡ್ಡಿನಲ್ಲಿ ಯಾರ ಪಾಲು ಹೇಗೆ ಬರುತ್ತದೆ, ದರ ಬಿದ್ದರೆ ಪೆಟ್ಟು ಯಾರಿಗೆ ಅನ್ನುವುದರ ಮೇಲೆ ಅವರ ವರ್ಗ ನಿಂತಿದೆ.

ಇನ್ನು ‘ಅಂತಸ್ತು’. ಮನೆಯ ಮಹಡಿಗೂ ಅದೇ ಪದ, ಸಮಾಜದಲ್ಲಿನ ಸ್ಥಾನಕ್ಕೂ ಅದೇ ಪದ. ಬಹಳ ಜನ ವರ್ಗ ಮತ್ತು ಅಂತಸ್ತು ಒಂದೇ ಅಂದುಕೊಂಡಿದ್ದಾರೆ. ಅಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಇವೆರಡನ್ನು ಬಿಡಿಸಿ ಇಟ್ಟು ನೂರು ವರ್ಷ ದಾಟಿದೆ. ಮಾರುಕಟ್ಟೆಯಲ್ಲಿ ನಿಮ್ಮ ಕೈಯಲ್ಲಿ ಏನಿದೆ ಅನ್ನುವುದು ವರ್ಗ. ಜನ ನಿಮಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಅನ್ನುವುದು ಅಂತಸ್ತು.

ನಮ್ಮ ಕಡೆ ಈ ವ್ಯತ್ಯಾಸ ತಿಳಿಯಲು ವೆಬರ್ ಬೇಕಾಗಿಲ್ಲ, ಕನ್ಯಾ ನೋಡುವ ಮಾತುಕತೆ ಸಾಕು. ‘ಮನಿತನಾ ಹ್ಯಾಂಗೈತ್ರಿ?’ ಅಂತ ಕೇಳಿದರೆ ಅದು ಅಂತಸ್ತಿನ ವಿಚಾರ. ‘ಹೊಲಾ ಎಷ್ಟೈತಿ, ನೀರಾವರಿ ಏನು?’ ಅಂದರೆ ವರ್ಗದ ವಿಚಾರ. ಅವೆರಡಕ್ಕೂ ಒಳ್ಳೆಯ ಉತ್ತರ ಬಂದ ಮೇಲೂ ಈಗ ಸಂಬಂಧ ಮುರಿಯುತ್ತದೆ. ‘ಹುಡುಗಗ ನೌಕರಿ ಇಲ್ಲಲ್ರೀ’ ಅಂದುಬಿಡುತ್ತಾರೆ. ಹತ್ತೆಕರೆ ಇರುವ ಒಕ್ಕಲುತನದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ, ಸರಕಾರಿ ಕಚೇರಿಯ ಸಿಪಾಯಿಗೆ ಸಿಗುತ್ತದೆ. ಲೆಕ್ಕ ಹಾಕಿದರೆ ಆಸ್ತಿ ಯಾರದು ಜಾಸ್ತಿ? ಹುಡುಗನ ಹೊಲ ಒಂದು ಗುಂಟೆಯೂ ಕಡಿಮೆಯಾಗಿಲ್ಲ, ಅವನ ಅಂತಸ್ತು ಇಳಿದಿದೆ. ಮಳೆ ನಂಬಿದ ಹತ್ತೆಕರೆಗಿಂತ ತಿಂಗಳ ಪಗಾರ ಗಟ್ಟಿ ಅಂತ ಹೆಣ್ಣು ಹೆತ್ತವರು ನೋಡಿ ನೋಡಿ ಕಲಿತಿದ್ದಾರೆ. ಅವರನ್ನು ದುರಾಸೆಯವರು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಇಷ್ಟಾದ ಮೇಲೆ ಚಲನಶೀಲತೆ ಸುಲಭ. ರಷ್ಯಾದಿಂದ ಹೊರಹಾಕಿಸಿಕೊಂಡು ಅಮೆರಿಕಕ್ಕೆ ಬಂದ ಸಮಾಜಶಾಸ್ತ್ರಜ್ಞ ಪಿಟಿರಿಮ್ ಸೊರೊಕಿನ್ 1927ರಲ್ಲಿ ಇದನ್ನು ಎರಡಾಗಿ ವಿಂಗಡಿಸಿದರು, ಅಡ್ಡ ಚಲನೆ ಮತ್ತು ಲಂಬ ಚಲನೆ. ಗುಮಾಸ್ತರೊಬ್ಬರು ಗದಗ ಬಿಟ್ಟು ಹಾವೇರಿಯಲ್ಲಿ ಅದೇ ಕುರ್ಚಿಯಲ್ಲಿ ಕೂತರೆ ಅದು ಅಡ್ಡ ಚಲನೆ. ಹಮಾಲರ ಮಗಳು ಡಾಕ್ಟರ್ ಆದರೆ ಲಂಬ. ದಲಾಲಿ ಅಂಗಡಿಯವರ ಮಗ ದಿನಗೂಲಿಗೆ ಬಂದರೆ ಅದೂ ಲಂಬವೇ. ಇಳಿಯುವುದೂ ಚಲನೆ ಅನ್ನುವುದನ್ನು ನಮ್ಮ ಭಾಷಣಕಾರರು ಮರೆತೇ ಬಿಟ್ಟಿದ್ದಾರೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಚಲನಶೀಲತೆ ಒಬ್ಬ ಮನುಷ್ಯನ ಗುಣ ಅಲ್ಲ, ಇಡೀ ಸಮಾಜದ ಗುಣ. ಎಲ್ಲಿ ಹುಟ್ಟಿದೆ ಅನ್ನುವುದು ಎಲ್ಲಿ ಮುಟ್ಟುತ್ತೀಯ ಅನ್ನುವುದನ್ನು ಎಷ್ಟರ ಮಟ್ಟಿಗೆ ತೀರ್ಮಾನಿಸುತ್ತದೆ? ಇದನ್ನು ಸಾವಿರಾರು ಮನೆಗಳಲ್ಲಿ, ಎರಡು ಮೂರು ತಲೆಮಾರು ಹೋಲಿಸಿ ನೋಡಬೇಕು. ಬಡ ಮನೆಯ ಒಬ್ಬ ಹುಡುಗ ಐಎಎಸ್ ಮಾಡಿದರೆ ಖುಷಿಪಡೋಣ. ಅಂಥ ಇನ್ನೂ ಎಷ್ಟೋ ಹುಡುಗರು ಎಲ್ಲಿ ನಿಂತರು ಅಂತ ತಿಳಿಯದೆ ಸಮಾಜ ಚಲನಶೀಲವಾಗಿದೆ ಅನ್ನಲಾಗದು. ಆ ಒಬ್ಬನ ಕತೆ ಪೇಪರಿನಲ್ಲಿ ಬರುವುದೇ ಅದು ಅಪರೂಪ ಅಂತ, ಅಲ್ವಾ?

ಎಲ್ಲರ ಬದುಕು ಸುಧಾರಿಸುವುದು ಬೇರೆ, ಸರತಿ ಬದಲಾಗುವುದು ಬೇರೆ. ಪರೀಕ್ಷೆಯಲ್ಲಿ ಎಲ್ಲರಿಗೂ ಹತ್ತು ಗ್ರೇಸ್ ಮಾರ್ಕ್ಸ್ ಕೊಟ್ಟರೆ ರ‍್ಯಾಂಕು ಬದಲಾಗುವುದಿಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪನ್ನೇ ನೋಡಿ. ಸದರ್ನ್ ಮರಾಠಾ ರೈಲ್ವೆ ಕಂಪನಿ ಅದನ್ನು 1885ರಲ್ಲಿ ಶುರು ಮಾಡಿತು. ಒಕ್ಕಲುತನದವರ, ಕೂಲಿಯವರ ಮಕ್ಕಳು ಫಿಟ್ಟರ್ ಆಗಲು, ಟರ್ನರ್ ಆಗಲು ಹೊಸ ಬಾಗಿಲು ತೆರೆಯಿತು. ತಿಂಗಳ ಪಗಾರ, ಕ್ವಾರ್ಟರ್ಸು, ಪಿಂಚಣಿ ಇದ್ದ ಒಂದು ಬದುಕು ಊರಿನಲ್ಲಿ ಬೇರೂರಿತು. ಇದು ನಿಜವಾದ ಏರಿಕೆಯೇ. ಆದರೆ ಇಲ್ಲಿ ಮೇಲಿನವರು ಯಾರೂ ಜಾಗ ಬಿಡಬೇಕಾಗಲಿಲ್ಲ, ಹೊಸ ಜಾಗಗಳೇ ಹುಟ್ಟಿದವು. ಫಿಟ್ಟರ್ ಮಗನಿಗೂ ಸಾಹೇಬರ ಮಗನಿಗೂ ಸಾಹೇಬರ ಕುರ್ಚಿ ಸಿಗುವ ಅವಕಾಶ ಎಷ್ಟೆಷ್ಟು ಅಂತ ಕೇಳಿದಾಗ ಎರಡನೇ ಲೆಕ್ಕ ಶುರುವಾಗುತ್ತದೆ. ಮೊದಲನೆಯದನ್ನು ನಿರಪೇಕ್ಷ ಚಲನಶೀಲತೆ, ಎರಡನೆಯದನ್ನು ಸಾಪೇಕ್ಷ ಚಲನಶೀಲತೆ ಅನ್ನುತ್ತಾರೆ. ಮೊದಲನೆಯದನ್ನು ತೋರಿಸಿ ಎರಡನೆಯದೂ ಇದೆ ಅನ್ನುವವರೇ ಜಾಸ್ತಿ.

ಬಾಗಿಲು ತೆರೆಯುವುದು ಅಂದೆ. ಅದನ್ನು ಮುಚ್ಚಿದ ಒಂದು ಘಟನೆ ಧಾರವಾಡದ್ದೇ ಇದೆ. ಇದು ನಮ್ಮ ಪ್ರತಿಯೊಂದು ಶಾಲೆಯ ಮಕ್ಕಳಿಗೂ ಗೊತ್ತಿರಬೇಕಿತ್ತು. 1856ರ ಜೂನ್ ತಿಂಗಳಲ್ಲಿ ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿದ. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಸರಕಾರ ಒಪ್ಪಿಕೊಂಡಿತು. ಒಪ್ಪಿಕೊಂಡೂ ಪ್ರವೇಶ ಕೊಡಲಿಲ್ಲ. ಇವನೊಬ್ಬ ಒಳಗೆ ಬಂದರೆ ಉಳಿದವರೆಲ್ಲ ಶಾಲೆ ಬಿಟ್ಟಾರು ಅನ್ನುವ ಅಂಜಿಕೆ. ವಿಷಯ ಕಲಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೂ ಹೋಯಿತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಸರಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಎಂದರು. ಎಪ್ಪತ್ತು ವರ್ಷಗಳ ನಂತರ ಅಂಬೇಡ್ಕರ್ ಸೈಮನ್ ಆಯೋಗಕ್ಕೆ ಬರೆದುಕೊಟ್ಟ ಹೇಳಿಕೆಯಲ್ಲಿ ಈ ಪ್ರಸಂಗವನ್ನು ಎತ್ತಿದರು. ಆ ಹುಡುಗನಲ್ಲಿ ಶ್ರಮ ಕಡಿಮೆ ಇತ್ತೇ, ಛಲ ಕಡಿಮೆ ಇತ್ತೇ? ‘ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು’ ಅನ್ನುವವರು ಈ ಅರ್ಜಿಯನ್ನು ಮುಂದಿಟ್ಟುಕೊಂಡು ಉತ್ತರ ಹೇಳಲಿ.

ಬಾಗಿಲು ತೆರೆದ ಮೇಲೂ ಊಟ, ವಸತಿ ಬೇಕು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಇದನ್ನು ಅರ್ಥ ಮಾಡಿಕೊಂಡಿತ್ತು. ಹಳ್ಳಿಯಿಂದ ಬಂದ ಹುಡುಗರಿಗೆ ಎರಡು ಹೊತ್ತಿನ ಊಟ ಸಿಕ್ಕಿತು, ಅವರು ಓದಿದರು. ಬಾಗಿಲು ತೆರೆಯುವುದನ್ನು ಕಾನೂನಿನ ಮಟ್ಟದಲ್ಲಿ ಮಾಡಿದವರಲ್ಲಿ ನಮ್ಮ ಕಡೆಯವರೇ ಇದ್ದಾರೆ, ರಾಣೆಬೆನ್ನೂರಿನ ಎಲ್.ಜಿ. ಹಾವನೂರು. ದೇವರಾಜ ಅರಸು ಸರಕಾರ 1972ರಲ್ಲಿ ನೇಮಿಸಿದ ಹಿಂದುಳಿದ ವರ್ಗಗಳ ಆಯೋಗಕ್ಕೆ ಅವರು ಅಧ್ಯಕ್ಷರು. 1975ರಲ್ಲಿ ಮೀಸಲಾತಿಯ ಬಗ್ಗೆ ವರದಿ ಕೊಟ್ಟರು. ಅಂದಹಾಗೆ ‘ಹಿಂದುಳಿದ ವರ್ಗ’ದ ವರ್ಗ ಮೇಲೆ ಹೇಳಿದ ವರ್ಗ ಅಲ್ಲ. ಅದು ಸಂವಿಧಾನದ ಮಾತು, ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದೆ ಬಿದ್ದವರ ಪಟ್ಟಿ. ‘ದುಡ್ಡಿದೆಯಲ್ಲ, ಹಿಂದುಳಿದ ವರ್ಗ ಹೇಗಾದರು?’ ಅನ್ನುವ ಪ್ರಶ್ನೆ ಹುಟ್ಟುವುದು ಈ ಎರಡು ವರ್ಗಗಳನ್ನು ಕಲಸಿದ್ದರಿಂದ.

ಇಡೀ ಜಾತಿಯೇ ಊಟ, ಉಡುಗೆ, ಆಚರಣೆ ಬದಲಿಸಿಕೊಂಡು ಮೇಲಿನ ಸ್ಥಾನ ಕೇಳುವುದಕ್ಕೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಸಂಸ್ಕೃತೀಕರಣ ಅಂತ ಹೆಸರಿಟ್ಟರು. ಅಲ್ಲಿ ಮೆಟ್ಟಿಲು ಏರುವವರಿದ್ದಾರೆ, ಮೆಟ್ಟಿಲುಗಳು ಹಾಗೇ ಉಳಿಯುತ್ತವೆ. ಅದು ಬೇರೆಯೇ ಲೇಖನದ ವಿಷಯ.

ಇಳಿಯುವ ಮಾತಿಗೆ ವಾಪಸ್ ಬರುತ್ತೇನೆ. ಬೆಟಗೇರಿಯ ಒಂದು ನೇಕಾರರ ಮನೆಯಲ್ಲಿ ಮಗ್ಗ ನಿಂತು, ಮಗ ಸೀರೆ ಅಂಗಡಿಯಲ್ಲಿ ಗಂಟು ಬಿಚ್ಚಿ ತೋರಿಸುವ ಕೆಲಸಕ್ಕೆ ಸೇರಿದರೆ ಅದನ್ನೂ ಚಲನಶೀಲತೆಯ ಲೆಕ್ಕದಲ್ಲಿ ಬರೆಯಬೇಕು. ಒಂದು ದೊಡ್ಡ ಕಾಯಿಲೆ, ಎರಡು ಬರಗಾಲ, ಮೀಟರ್ ಬಡ್ಡಿ ಸಾಲ ಸಾಕು, ಒಂದು ಮನೆ ಎರಡು ತಲೆಮಾರಿನಲ್ಲಿ ಗಳಿಸಿದ್ದನ್ನು ಕಳೆದುಕೊಳ್ಳಲು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘವನ್ನು ನಾವು ಸಹಕಾರ ಚಳವಳಿಯ ಹೆಮ್ಮೆ ಅಂತ ಮಾತ್ರ ಓದಿದ್ದೇವೆ. ಸಾಹುಕಾರರ ಸಾಲದಿಂದ ರೈತರು ಬೀಳದಂತೆ ತಡೆಯುವ ಏರ್ಪಾಡು ಅಂತಲೂ ಓದಬೇಕು.

ಇನ್ನು ಲೆಕ್ಕ ಹಾಕುವವರ ಒಂದು ಹಳೆಯ ತಪ್ಪು. ಈ ವಿಷಯದ ಮೇಲಿನ ಅಧ್ಯಯನಗಳು ಬಹಳ ಕಾಲ ಅಪ್ಪನ ಕೆಲಸವನ್ನು ಮಗನ ಕೆಲಸದ ಜೊತೆ ಹೋಲಿಸಿದವೇ ಹೊರತು ಅವ್ವನನ್ನೂ ಮಗಳನ್ನೂ ಬಿಟ್ಟುಬಿಟ್ಟವು. ಅವ್ವ ನಾಲ್ಕು ಮನೆಯ ಮುಸುರೆ ತಿಕ್ಕುತ್ತಾಳೆ, ಅಪ್ಪ ಆಟೋ ಓಡಿಸುತ್ತಾನೆ, ಮಗಳು ನರ್ಸಿಂಗ್ ಮುಗಿಸಿ ಆಸ್ಪತ್ರೆ ಸೇರಿದ್ದಾಳೆ. ಅವಳು ಎಷ್ಟು ಮೇಲೆ ಬಂದಳು ಅಂತ ಹೇಳಲು ಅಪ್ಪನ ಆಟೋ ಒಂದನ್ನೇ ನೋಡಿದರೆ ಅರ್ಧ ದೂರ ಮಾತ್ರ ಕಾಣುತ್ತದೆ. ಮದುವೆಯಾದ ಮೇಲೆ ಅವಳ ಕೆಲಸ ಬಿಡಿಸಿದರೆ? ಗಂಡನ ಪಗಾರ ಚೆನ್ನಾಗಿದ್ದರೆ ಅವಳ ವರ್ಗ ಏರಿದೆ ಅಂತ ಬರೆದುಕೊಳ್ಳುತ್ತಾರೆ. ಅವಳ ಸ್ವಂತ ಗಳಿಕೆ ಸೊನ್ನೆಯಾಗಿದ್ದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.