ಬೆಳಗ್ಗೆ ವಾಕಿಂಗ್ ಹೋದ್ರೆ ಆಫೀಸಲ್ಲಿ ಇನ್ನೂ ಸುಸ್ತಾಗಲ್ವಾ?

ಸುಮಾರು ಜನ ಕೇಳೋ ಪ್ರಶ್ನೆ ಇದು, ಸಂಜೆ ಹೊತ್ತಿಗೆ ಮೊದಲೇ ಸೋತು ಸುಣ್ಣ ಆಗಿರ್ತೀವಿ, ಇನ್ನು ಬೆಳಗ್ಗೆ ಎದ್ದು ಮಹಾರಾಜ ಪಾರ್ಕಲ್ಲಿ ನಾಲ್ಕು ಸುತ್ತು ಹಾಕಿದ್ರೆ ಆಫೀಸಲ್ಲಿ ತೂಕಡಿಸೋದೇ ಆಗುತ್ತೆ ಅಂತ.

ಮೊದಲ ಒಂದೆರಡು ವಾರ ಹೌದು, ಸುಸ್ತಾಗುತ್ತೆ, ಮೀನಖಂಡ ಹಿಡ್ಕೊಳುತ್ತೆ. ಆಮೇಲೆ ಉಲ್ಟಾ.

ನಾನು ಹಾಸನದಲ್ಲಿ ಆಡಿಟರ್ ಆಫೀಸೊಂದರಲ್ಲಿ ಲೆಕ್ಕ ಬರೆಯೋನು. ಜಿಎಸ್‌ಟಿ ರಿಟರ್ನಿಗೆ 20ನೇ ತಾರೀಖು ಹತ್ರ ಬಂತು ಅಂದ್ರೆ ಒಂದೇ ಬಿಲ್ಲನ್ನ ನಾಲ್ಕು ಸಲ ಓದಿದ್ರೂ 12,450 ಇರೋದನ್ನ 14,250 ಅಂತ ಹೊಡೀತಿದ್ದೆ, ಆ ತಪ್ಪು ಹುಡುಕೋಕೆ ಅರ್ಧ ದಿನ ಹೋಗೋದು. ನಡೆಯೋಕೆ ಶುರು ಮಾಡಿದ್ಮೇಲೆ ಮೊದಲು ಸರಿಹೋಗಿದ್ದು ನಿದ್ದೆ, ರಾತ್ರಿ ಮಗ್ಗಲು ಬದಲಾಯಿಸೋದು ನಿಂತ್ಹೋಯ್ತು, ಅದಾದ್ಮೇಲೆ ಇಂಥ ತಪ್ಪೂ ಕಮ್ಮಿ ಆಯ್ತು. ನನ್ನ ಪ್ರಕಾರ ಅರ್ಧ ಲಾಭ ನಿದ್ದೆಯಿಂದಲೇ.

ಇನ್ನರ್ಧ ಮೆದುಳಿನ ಕಡೆಯಿಂದ ಬರೋದು. ಬಿರುಸಾಗಿ ನಡೆದಾಗ ಮೆದುಳಿಗೆ ರಕ್ತ ಜಾಸ್ತಿ ಹರಿಯುತ್ತೆ, ಡೋಪಮೈನ್ ಥರದ ರಾಸಾಯನಿಕಗಳು ಏರ್ತವೆ, ನಡಿಗೆ ನಿಲ್ಲಿಸಿದ್ಮೇಲೂ ಸ್ವಲ್ಪ ಹೊತ್ತು ಗಮನ ಚೂಪಾಗಿರುತ್ತೆ. ಅದಕ್ಕೇ ನಾನು ತಲೆ ತಿನ್ನೋ ಟ್ಯಾಲಿ ಮಾಡೋ ಕೆಲಸ ಬೆಳಗ್ಗೆನೇ ಮುಗಿಸ್ಕೊಳೋದು, ಫೋನು ಗೀನು ಎಲ್ಲ ಆಮೇಲೆ. ದಿನಾ ಮಾಡ್ತಾ ಹೋದ್ರೆ ಇನ್ನೂ ಆಳಕ್ಕೆ ಹೋಗುತ್ತೆ: ಅಮೆರಿಕದಲ್ಲಿ 120 ಜನ ಹಿರಿಯರ ಮೇಲೆ ಮಾಡಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷದ ತನಕ ನಡೆದೋರಿಗೆ ವರ್ಷದಲ್ಲಿ ನೆನಪಿಗೆ ಸಂಬಂಧಪಟ್ಟ ಹಿಪ್ಪೋಕ್ಯಾಂಪಸ್ ಅನ್ನೋ ಭಾಗ ಸುಮಾರು 2% ದೊಡ್ಡದಾಗಿತ್ತು, ಬರೀ ಸ್ಟ್ರೆಚಿಂಗ್ ಮಾಡಿದೋರಿಗೆ ಕುಗ್ಗಿತ್ತು.

ಮಧ್ಯಾಹ್ನ ಮುದ್ದೆ ಸಾರು ಉಂಡು ಸೀದಾ ಕುರ್ಚಿಗೆ ಬೀಳ್ಬೇಡಿ. ಹತ್ತು ನಿಮಿಷ ನಿಧಾನಕ್ಕೆ ಓಡಾಡಿ ಸಾಕು, ಕಾಲಿನ ಸ್ನಾಯು ರಕ್ತದಲ್ಲಿರೋ ಸಕ್ಕರೆನ ಎಳ್ಕೊಳುತ್ತೆ, ಮೂರು ಗಂಟೆಯ ಆ ಜೋಂಪು ನನಗಂತೂ ಬಹಳ ಕಮ್ಮಿ ಆಗಿದೆ.

ಎಷ್ಟು ಮಾಡ್ಬೇಕು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡೋ ಕಸರತ್ತು. ನಡೀವಾಗ ಪಕ್ಕದೋರ ಜೊತೆ ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು, ಅದೇ ಸ್ಪೀಡು. ಎದೆ ನೋವು, ತಲೆಸುತ್ತು ಇರೋರು ಮೊದಲು ಡಾಕ್ಟ್ರನ್ನ ಕೇಳಿ.

ಆಷಾಢದ ಜಡಿಮಳೆ ಹಿಡಿದಾಗ ಪಾರ್ಕಿಗೆ ಹೋಗೋಕಾಗಲ್ಲ, ಆಗ ನಾನು ಆಫೀಸ್ ಬಿಲ್ಡಿಂಗ್ ಮೆಟ್ಟಿಲನ್ನೇ ಹತ್ತಿ ಇಳೀತೀನಿ, ಒದ್ದೆ ಚಪ್ಪಲಿ ಕೆಳಗೆ ಬಿಟ್ಟು.