ಹಾಡು ಪುಕ್ಕಟೆಯಾದದ್ದು ಹೇಗೆ, ದುಡ್ಡು ಹೋದದ್ದೆಲ್ಲಿ?

2024ರ ಜೂನ್‌ನಲ್ಲಿ ದೊಡ್ಡ ಸಂಗೀತ ಕಂಪನಿಗಳು ಸುನೊ ಮತ್ತು ಯುಡಿಯೊ ಎಂಬ, ಹಾಡು ತಯಾರಿಸುವ ಎರಡು ಎಐ ಕಂಪನಿಗಳ ಮೇಲೆ ಅಮೆರಿಕದಲ್ಲಿ ಕೇಸು ಹಾಕಿದವು. ಅನುಮತಿ ಪಡೆಯದೆ, ಕಾಸು ಕೊಡದೆ ನಮ್ಮ ಹಾಡುಗಳನ್ನು ನಕಲು ಮಾಡಿಕೊಂಡು ಯಂತ್ರಕ್ಕೆ ಕಲಿಸಿದ್ದಾರೆ ಅನ್ನುವುದು ಅವರ ದೂರು. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಹಾಸ್ಟೆಲ್ ರೂಮಿನಲ್ಲಿ ಕೂತು ಹಾಡು ಇಳಿಸಿಕೊಳ್ಳುತ್ತಿದ್ದ ಹುಡುಗರ ಮೇಲಿದ್ದದ್ದೂ ಹೆಚ್ಚುಕಡಿಮೆ ಇದೇ ದೂರು. ಮಧ್ಯದಲ್ಲಿ ಏನೇನಾಯಿತು ಅನ್ನುವುದು ಈಗ ಹಲವರಿಗೆ ಗೋಜಲು. ಹಾಗಾಗಿ ಸ್ವಲ್ಪ ಹಿಂದಿನಿಂದ ನೋಡೋಣ.

ನಕಲು ಇಂಟರ್‌ನೆಟ್‌ನಿಂದ ಶುರುವಾದದ್ದಲ್ಲ. 1980ರ ದಶಕದಲ್ಲೇ ಬ್ರಿಟನ್ನಿನ ಸಂಗೀತ ಉದ್ಯಮ, ಮನೆಯಲ್ಲಿ ಕ್ಯಾಸೆಟ್‌ಗೆ ಹಾಡು ತುಂಬಿಸುವುದು ಸಂಗೀತವನ್ನು ಕೊಲ್ಲುತ್ತಿದೆ ಎಂದು ಪ್ರಚಾರ ಮಾಡಿತ್ತು. ಆದರೆ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಹೋದಂತೆ ದನಿ ಕೆಡುತ್ತಿತ್ತು. ಗೆಳೆಯರ ಬಳಗ ದಾಟುವಷ್ಟರಲ್ಲಿ ಬರೀ ಗೊರಗೊರ ಸದ್ದು ಉಳಿಯುತ್ತಿತ್ತು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ಆ ತೊಡಕನ್ನು ನೀಗಿಸಿತು. ಅದರಲ್ಲಿ ಹಾಡು ಅಂಕಿಗಳಾಗಿ ಕೂತಿರುತ್ತದೆ, ಎಷ್ಟು ಸಲ ನಕಲು ಮಾಡಿದರೂ ಸವೆಯುವುದಿಲ್ಲ. ಅದಕ್ಕೆ ಬೀಗವನ್ನೂ ಹಾಕಿರಲಿಲ್ಲ. ಮನೆಮನೆಯಲ್ಲಿ ಸಿಡಿ ಓದುವ ಕಂಪ್ಯೂಟರ್ ಬರುತ್ತದೆ ಅಂತ ಆಗ ಯಾರೂ ಎಣಿಸಿರಲಿಲ್ಲ.

ಒಂದೇ ಅಡ್ಡಿ ಉಳಿದಿತ್ತು, ಫೈಲಿನ ಗಾತ್ರ. ನಾಲ್ಕು ನಿಮಿಷದ ಹಾಡು ಸಿಡಿಯಲ್ಲಿ ಸುಮಾರು 40 ಎಂಬಿ. ಫೋನ್ ಲೈನಿನ ಮೋಡೆಮ್‌ನಲ್ಲಿ ಅದನ್ನು ಇಳಿಸಲು ಎರಡು ಗಂಟೆ ಹತ್ತಿರ ಬೇಕಿತ್ತು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಜೊತೆಗಾರರು ವರ್ಷಗಟ್ಟಲೆ ದುಡಿದು ರೂಪಿಸಿದ ಎಂಪಿ3, ನಮ್ಮ ಕಿವಿ ಹೇಗೂ ಗಮನಿಸದ ಸದ್ದನ್ನು ಕಿತ್ತುಹಾಕಿ ಅದೇ ಹಾಡನ್ನು 4 ಎಂಬಿಗೆ ಇಳಿಸಿತು. ಈಗ ಹತ್ತು ಹನ್ನೆರಡು ನಿಮಿಷ ಸಾಕು. ಕಳ್ಳತನಕ್ಕೆ ಅಂತ ಮಾಡಿದ ತಂತ್ರ ಅಲ್ಲ ಅದು. ಆದರೆ ಬೇರೆ ಯಾವುದಕ್ಕಿಂತಲೂ ಜಾಸ್ತಿ ಅದಕ್ಕೇ ಒದಗಿತು.

1999ರ ಜೂನ್‌ನಲ್ಲಿ ನಾಪ್‌ಸ್ಟರ್ ಎಂಬ ಹಾಡು ಹಂಚಿಕೊಳ್ಳುವ ಸಾಫ್ಟ್‌ವೇರ್ ಬಂತು. ಬರೆದವನು ಶಾನ್ ಫ್ಯಾನಿಂಗ್, ಇನ್ನೂ ಇಪ್ಪತ್ತು ತುಂಬದ ಹುಡುಗ. ಅದು ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದನ್ನು ಗಮನಿಸಬೇಕು, ಮುಂದಿನ ಕಥೆಯೆಲ್ಲ ಅಲ್ಲೇ ಇದೆ. ಹಾಡುಗಳು ನಾಪ್‌ಸ್ಟರ್ ಹತ್ತಿರ ಇರಲೇ ಇಲ್ಲ. ಅವು ಬಳಕೆದಾರರ ಕಂಪ್ಯೂಟರ್‌ಗಳಲ್ಲೇ ಇದ್ದವು. ಯಾರ ಹತ್ತಿರ ಯಾವ ಹಾಡಿದೆ ಅನ್ನುವ ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿ. ಹಾಡಿನ ಹೆಸರು ಹಾಕಿದರೆ ಸಾಲು ಸಾಲು ಫೈಲು ಬರುತ್ತಿದ್ದವು. ಕೆಲವಕ್ಕೆ ಕಾಗುಣಿತ ತಪ್ಪು, ಕೆಲವಕ್ಕೆ ಹಾಡಿದವರ ಹೆಸರೇ ತಪ್ಪು. ಪಕ್ಕದಲ್ಲಿ ಆ ಕಡೆಯವರ ಸಂಪರ್ಕದ ವೇಗ. ಒಳ್ಳೆಯ ವೇಗ ನೋಡಿ ಒತ್ತಿ ಕಾಯಬೇಕು. ಮುಕ್ಕಾಲು ಭಾಗ ಇಳಿದಿರುವಾಗ ಆ ಕಡೆಯವರು ಕಂಪ್ಯೂಟರ್ ಆರಿಸಿದರೆ ಮುಗೀತು, ಮತ್ತೆ ಮೊದಲಿಂದ. ಇಷ್ಟು ಪಾಡುಪಟ್ಟಾದರೂ ಕೋಟಿಗಟ್ಟಲೆ ಜನ ಅಲ್ಲಿಗೆ ಬಂದರು.

ಬರೀ ಪುಕ್ಕಟೆ ಆಸೆಗಾ? ಅದೂ ಇತ್ತು, ಇಲ್ಲ ಅನ್ನಲಾಗದು. ಆದರೆ ಅಂಗಡಿಯಲ್ಲಿ ಸಿಗದ ಹಳೆಯ ಹಾಡುಗಳು ಅಲ್ಲಿ ಸಿಗುತ್ತಿದ್ದವು. ಒಂದು ಹಾಡು ಬೇಕಿದ್ದವರು ಇಡೀ ಸಿಡಿ ಕೊಳ್ಳಬೇಕಿರಲಿಲ್ಲ. ಆ ಸಿಡಿಗಳ ಬೆಲೆಯ ಬಗ್ಗೆಯೂ ಆಕ್ಷೇಪ ಇತ್ತು. 2000ದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಐದು ದೊಡ್ಡ ಸಂಗೀತ ಕಂಪನಿಗಳು ಅಂಗಡಿಗಳ ಜಾಹೀರಾತಿನಲ್ಲಿ ಬೆಲೆ ಇಳಿಯದಂತೆ ಕಟ್ಟುಪಾಡು ಹಾಕಿದ್ದರಿಂದ ಗ್ರಾಹಕರು ಸುಮಾರು ಮೂರು ವರ್ಷದಲ್ಲಿ 48 ಕೋಟಿ ಡಾಲರ್‌ನಷ್ಟು ಜಾಸ್ತಿ ತೆತ್ತಿರಬಹುದು ಎಂದು ಅಂದಾಜು ಮಾಡಿತು. ಪೈರಸಿ ಮಾತು ಬಂದಾಗ ಇದನ್ನು ಯಾಕೋ ಯಾರೂ ನೆನೆಸಿಕೊಳ್ಳುವುದಿಲ್ಲ.

ನಾಪ್‌ಸ್ಟರ್ ಮೇಲೆ ಸಂಗೀತ ಕಂಪನಿಗಳ ಕೇಸು 1999ರ ಡಿಸೆಂಬರ್‌ನಲ್ಲೇ ಬಿತ್ತು. ಮರುವರ್ಷ ಮೆಟಾಲಿಕಾ ಎಂಬ ರಾಕ್ ತಂಡ ತನ್ನ ಹಾಡು ಹಂಚಿಕೊಂಡ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ನಾಪ್‌ಸ್ಟರ್‌ಗೆ ಕೊಟ್ಟಿತು. ತಂಡವನ್ನು ಆಡಿಕೊಂಡವರೇ ಹೆಚ್ಚು. ಆದರೆ ಇನ್ನೂ ಬಿಡುಗಡೆಯಾಗದ ಹಾಡು ಸೋರಿಹೋಗಿ ಎಲ್ಲೆಡೆ ಕೇಳಿಸಿದರೆ ಕಟ್ಟಿದವರಿಗೆ ಸಿಟ್ಟು ಬರುವುದು ಸಹಜ ಅಲ್ವಾ? ಪಟ್ಟಿ ಇಟ್ಟುಕೊಂಡವರೇ ಹೊಣೆ ಎಂಬ ವಾದ ಕೋರ್ಟಿನಲ್ಲಿ ನಿಂತಿತು. 2001ರ ಜುಲೈನಲ್ಲಿ ನಾಪ್‌ಸ್ಟರ್ ನಿಂತುಹೋಯಿತು.

ಅಲ್ಲಿಂದ ಜನ ಮನೆಗೆ ಹೋಗಲಿಲ್ಲ, ಕಜಾ ಎಂಬ ಇನ್ನೊಂದು ಹಂಚಿಕೆ ಜಾಲಕ್ಕೆ ಹೋದರು, ಆಮೇಲೆ ಟೊರೆಂಟ್‌ಗೆ. ಒಂದೇ ಕಂಪನಿಯ ಕೈಯಲ್ಲಿ ಪಟ್ಟಿ ಇಲ್ಲದ ಇಂಥ ಜಾಲಗಳನ್ನು ಮುಚ್ಚುವುದು ಕಷ್ಟ. ಆಗ ಕಂಪನಿಗಳು ಕೇಳುಗರ ಮೇಲೇ ತಿರುಗಿದವು. 2003ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನ 261 ಜನರ ಮೇಲೆ ಕೇಸು. ಅದರಲ್ಲಿ 12 ವರ್ಷದ ಹುಡುಗಿಯೂ ಇದ್ದಳು. ಮನೆಯವರು 2,000 ಡಾಲರ್ ಕೊಟ್ಟು ರಾಜಿಯಾದರು. ಮಿನೆಸೋಟದ ಒಬ್ಬ ಮಹಿಳೆಗೆ 24 ಹಾಡುಗಳಿಗಾಗಿ 2007ರಲ್ಲಿ 2,22,000 ಡಾಲರ್ ದಂಡ ಬಿತ್ತು. ಮರುವಿಚಾರಣೆಯಲ್ಲಿ ಜ್ಯೂರಿ ಅದನ್ನು 19 ಲಕ್ಷ 20 ಸಾವಿರಕ್ಕೆ ಏರಿಸಿತು, ಅಂದರೆ ಹಾಡಿಗೆ 80,000 ಡಾಲರ್. ಮೇಲ್ಮನವಿಯ ನಂತರ ಮತ್ತೆ ಹಳೇ ಮೊತ್ತಕ್ಕೇ ಬಂದು ನಿಂತಿತು. 2008ರ ಕೊನೆಗೆ ಈ ಸಾಮೂಹಿಕ ಕೇಸುಗಳನ್ನು ಕೈಬಿಡುವ ಹೊತ್ತಿಗೆ ಸಾವಿರಾರು ಮನೆಗಳಿಗೆ ನೋಟಿಸು ಹೋಗಿತ್ತು, ಡೌನ್‌ಲೋಡ್ ಮಾತ್ರ ಕಮ್ಮಿಯಾಗಿರಲಿಲ್ಲ. ದುಡ್ಡು ಕೊಟ್ಟು ಕೊಂಡವರಿಗೂ ಸುಖ ಇರಲಿಲ್ಲ. 2005ರಲ್ಲಿ ಒಂದು ದೊಡ್ಡ ಕಂಪನಿಯ ಸಿಡಿಗಳು ನಕಲು ತಡೆಯುವ ನೆಪದಲ್ಲಿ ಕಂಪ್ಯೂಟರ್ ಒಳಗೆ ಗುಟ್ಟಾಗಿ ಸಾಫ್ಟ್‌ವೇರ್ ಇಳಿಸಿದ್ದು ಬಯಲಾಗಿ, ಅವನ್ನು ವಾಪಸ್ ಪಡೆಯಬೇಕಾಯಿತು.

ನಂತರದ್ದು ಎಲ್ಲರಿಗೂ ಗೊತ್ತಿರುವುದೇ. 2003ರಲ್ಲಿ ಆಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿ 99 ಸೆಂಟಿಗೆ ಒಂದು ಹಾಡು ಮಾರಿತು. 2008ರಲ್ಲಿ, ನೆಟ್‌ನಲ್ಲೇ ಹಾಡು ಕೇಳಿಸುವ ಸ್ಪಾಟಿಫೈ ಸ್ವೀಡನ್ನಿನಿಂದ ಹೊರಟಿತು. 1999ರಿಂದ 2014ರವರೆಗೆ ಶೇ 40ರ ಹತ್ತಿರ ಕುಸಿದಿದ್ದ ಜಗತ್ತಿನ ಸಂಗೀತ ಆದಾಯ ಮತ್ತೆ ಏರತೊಡಗಿತು. ಕದ್ದು ಇಳಿಸುವುದಕ್ಕಿಂತ ಸುಲಭವಾಗಿ ಹಾಡು ಸಿಕ್ಕಾಗ ಜನ ದುಡ್ಡು ಕೊಟ್ಟರು. ಭಯ ಮಾಡದ ಕೆಲಸವನ್ನು ಅನುಕೂಲ ಮಾಡಿತು.

ಆ ದುಡ್ಡು ಹಾಡಿದವರಿಗೆ ಎಷ್ಟು ಮುಟ್ಟುತ್ತದೆ ಅನ್ನುವುದೇ ಈಗಿನ ತಕರಾರು. ಹೆಚ್ಚಿನ ಸೇವೆಗಳಲ್ಲಿ ನಿಮ್ಮ ಚಂದಾ ನೇರವಾಗಿ ನೀವು ಕೇಳಿದವರಿಗೆ ಹೋಗುವುದಿಲ್ಲ. ಎಲ್ಲರ ಹಣವೂ ಒಂದೇ ಹುಂಡಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಆ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ತಿಂಗಳಿಡೀ ನೀವು ಒಬ್ಬನೇ ಸಣ್ಣ ಕಲಾವಿದನ ಹಾಡು ಕೇಳಿದರೂ ನಿಮ್ಮ ದುಡ್ಡಿನ ದೊಡ್ಡ ಪಾಲು ಬೇರೆಯವರಿಗೆ. 2024ರಿಂದ ಸ್ಪಾಟಿಫೈನಲ್ಲಿ ವರ್ಷಕ್ಕೆ 1,000 ಸಲವಾದರೂ ಕೇಳಿಸದ ಹಾಡಿಗೆ ಒಂದು ಪೈಸೆಯೂ ಇಲ್ಲ. ಹುಂಡಿ ಇರುವ ಕಡೆ ಹೊಸ ಬಗೆಯ ಮೋಸವೂ ಬಂದಿದೆ: ಎಐನಿಂದ ಹಾಡು ತಯಾರಿಸಿ, ಬಾಟ್‌ಗಳಿಂದ, ಅಂದರೆ ಕೇಳುಗರಂತೆ ನಟಿಸುವ ಪ್ರೋಗ್ರಾಂಗಳಿಂದ ಕೇಳಿಸಿ, ಪಾಲು ಎತ್ತುವುದು. ಇಲ್ಲಿ ಕೇಳುಗನಿಗೆ ಏನೂ ನಷ್ಟ ಕಾಣುವುದಿಲ್ಲ, ಹುಂಡಿಯಲ್ಲಿ ಹಾಡುಗಾರರ ಪಾಲು ಕರಗುತ್ತದೆ.

ನಾಪ್‌ಸ್ಟರ್, ಕಜಾ ಮುಂತಾದವುಗಳಿಂದ ಕಂಪನಿಗಳಿಗೆ ಪರಿಹಾರವಾಗಿ ಕೋಟಿಗಟ್ಟಲೆ ಡಾಲರ್ ಬಂದಿತ್ತು. ಅದರಲ್ಲಿ ನಮ್ಮವರ ಪಾಲೆಲ್ಲಿ ಎಂದು ಕಲಾವಿದರ ಮ್ಯಾನೇಜರ್‌ಗಳು 2008ರಲ್ಲಿ ಬಹಿರಂಗವಾಗಿಯೇ ಕೇಳಿದ್ದರು. ಎಐ ಕೇಸುಗಳ ರಾಜಿಯಿಂದ ಬರುವ ಹಣದ ಹಂಚಿಕೆ ಹೇಗೆ ಎಂದು ಹಾಡುಗಾರರು ಈಗಲೂ ಕೇಳುತ್ತಿದ್ದಾರೆ.